ಬಾಚಣಿಗೆ ಗುರುತಿನ ಒತ್ತೆಗಾಸು

ನಿಘಂಟು ಕಚೇರಿ
ಜನವರಿ ೯

ಹಿರಿಯರಿಗೆ ನಮಸ್ಕಾರಗಳು.

ನಾನು ನಿಘಂಟು ಕಚೇರಿಯಲ್ಲಿ ಕೆಲಸ ಮಾಡುವವಳು. ಒಂದೊಂದು ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅದರ ಅರ್ಥವನ್ನೂ ಬಳಕೆಯನ್ನೂ ಹುಡುಕಿ ತುಂಬುವುದು ನಮ್ಮ ಕೆಲಸ. ಈಗ ‘ಒ’ ಅಕ್ಷರದಲ್ಲಿದ್ದೇವೆ. ನಿಮ್ಮ ಊರಿನ ನಿವೃತ್ತ ಮೇಷ್ಟರೊಬ್ಬರು ‘ಒತ್ತೆಗಾಸು’ ಎಂಬ ಪದ ಕಳಿಸಿದ್ದಾರೆ. ನಮ್ಮ ಹಳೆಯ ಪ್ರತಿಯಲ್ಲಿ ಅದಕ್ಕೆ ‘ನೆನಪಿಗಾಗಿ ಇಟ್ಟುಕೊಳ್ಳುವ ಹಳೆಯ ನಾಣ್ಯ’ ಎಂದಷ್ಟೇ ಇದೆ. ಮೇಷ್ಟರು ಅದರ ಪಕ್ಕದಲ್ಲಿ, “ಇಷ್ಟೇ ಅಲ್ಲ. ಗಣಿಯ ದೀಪದ ಕೋಣೆಯನ್ನು ಮೂವತ್ತು ವರ್ಷ ನೋಡಿಕೊಂಡ ದೀಪದಣ್ಣನನ್ನು ಕೇಳಿ. ಗೊತ್ತಿರುವವನು ಈಗ ಅವನೊಬ್ಬನೇ” ಎಂದು ಬರೆದು ನಿಮ್ಮ ವಿಳಾಸ ಕೊಟ್ಟಿದ್ದಾರೆ.

ಈ ಕಾಸು ಯಾವುದು, ಯಾರು ಯಾರಿಗೆ ಕೊಡುತ್ತಿದ್ದರು, ಒತ್ತೆ ಎಂದು ಏಕೆ ಕರೆದರು, ಮನೆಯಲ್ಲಿ ಏಕೆ ಇಟ್ಟುಕೊಳ್ಳುತ್ತಿದ್ದರು ಎಂಬುದನ್ನು ದಯವಿಟ್ಟು ತಿಳಿಸಿ. ಜೂನ್ ಮುಗಿಯುವುದರೊಳಗೆ ಹಾಳೆಗಳು ಅಚ್ಚಿಗೆ ಹೋಗುತ್ತವೆ. ಉತ್ತರಕ್ಕೆ ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ.

ಇತಿ,
ಸಹಾಯಕ ಸಂಪಾದಕಿ


ಜನವರಿ ೨೧

ನಿಘಂಟಿನ ತಾಯಿಗೆ ದೀಪದಣ್ಣನ ನಮಸ್ಕಾರ.

ಲಕೋಟೆ ನೋಡಿ ಪಿಂಚಣಿ ಏರಿತೇನೋ ಎಂದು ಎದ್ದು ಕೂತೆ. ಒಡೆದು ನೋಡಿದರೆ ಕಾಸಿನ ಅರ್ಥ ಕೇಳಿದ್ದೀರಿ. ಇರಲಿ, ಕಾಸು ಕೇಳಲಿಲ್ಲವಲ್ಲ, ಅರ್ಥ ಕೇಳಿದರೆ ಕೊಡೋಣ.

ನಮ್ಮ ಗಣಿಯವರಲ್ಲಿ ಓದು ಬರಹ ಬಲ್ಲವರು ಕಡಿಮೆ. ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬನೂ ಚಲಾವಣೆ ನಿಂತ ಹಳೆಯ ತಾಮ್ರದ ಕಾಸೊಂದನ್ನು ತರುತ್ತಿದ್ದ. ಅದರ ಒಂದು ಮುಖವನ್ನು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ ಅವನ ಗುರುತು ಕೆತ್ತಿ, ಅಂಚಿನಲ್ಲಿ ತೂತು ಕೊರೆಯುತ್ತಿದ್ದೆವು. ಒಬ್ಬನಿಗೆ ಮೀನು, ಒಬ್ಬನಿಗೆ ಸೂಜಿ. ಸದಾ ಊಟದ ಮಾತಾಡುವವನಿಗೆ ಸೌಟು. ನನ್ನ ಕೋಣೆಯಲ್ಲಿ ನಲವತ್ತು ಮೊಳೆಗಳ ಹಲಗೆ ಇತ್ತು. ಒಂದೊಂದು ಮೊಳೆಯ ಮೇಲೂ ಅದೇ ಗುರುತನ್ನು ಕಾದ ಕಬ್ಬಿಣದಿಂದ ಬರೆದಿತ್ತು. ಕೆಳಗೆ ಇಳಿಯುವವನು ಕಾಸು ಕೊಡಬೇಕು, ನಾನು ಅದನ್ನು ಅವನ ಮೊಳೆಗೆ ಹಾಕಿ ದೀಪ ಕೊಡಬೇಕು. ಮೇಲೆ ಬಂದವನು ದೀಪ ಕೊಟ್ಟು ಕಾಸು ಬಿಡಿಸಿಕೊಂಡು ಮನೆಗೆ ಹೋಗುತ್ತಿದ್ದ. ಸಾಲಕ್ಕೆ ಒಡವೆ ಒತ್ತೆ ಇಡುವುದಿಲ್ಲವೇ, ಹಾಗೆ. ಮನುಷ್ಯ ಒಳಗೆ, ಅವನ ಒತ್ತೆ ಹೊರಗೆ.

ಹಲಗೆ ನೋಡಿದರೆ ಸಾಕು, ಕೆಳಗೆ ಎಷ್ಟು ಜನ, ಯಾರು ಯಾರು ಎಂದು ತಟ್ಟನೆ ಹೇಳಬಹುದಿತ್ತು. ಮೊಳೆಯ ಮೇಲೆ ಕಾಸು ಇದ್ದರೆ ಆಳು ಒಳಗೆ. ಇಲ್ಲದಿದ್ದರೆ ಮನೆಯಲ್ಲಿ. ಮೇಲೆ ಬಂದ ಖುಷಿಯಲ್ಲಿ ಕಾಸು ಮರೆತು ಹೋದವರಿದ್ದಾರೆ, ಅವರನ್ನು ಅರ್ಧ ದಾರಿಯಿಂದ ಬೈದು ಕರೆಸಿದ್ದೇನೆ. ಆದರೆ ದೀಪ ಹಿಂದಕ್ಕೆ ಕೊಡದೆ ಗೇಟು ದಾಟಿದ ಒಬ್ಬನೂ ಇಲ್ಲ. ಅದು ಕಂಪನಿಯ ಆಸ್ತಿ, ಕಾಸು ಅವನದು.

ಕೆಲಸ ಬಿಟ್ಟವನು ಕಾಸು ತೆಗೆದುಕೊಂಡು ಹೋಗುತ್ತಿದ್ದ. ಸತ್ತವನ ಕಾಸನ್ನು ನಾನೇ ಮನೆಗೆ ತಲುಪಿಸುತ್ತಿದ್ದೆ. ಹಾಗೆ ಮನೆ ಸೇರಿದ್ದನ್ನೇ ಪೇಟೆಯವರು ನೆನಪಿನ ನಾಣ್ಯ ಎಂದು ತಿಳಿದದ್ದು.

ಗಣಿ ಮುಚ್ಚಿದಾಗ ಹಲಗೆಯನ್ನೂ ದೀಪದ ಪುಸ್ತಕವನ್ನೂ ಮನೆಗೆ ತಂದೆ. ಹಲಗೆ ಈಗ ಬಾಗಿಲ ಪಕ್ಕದಲ್ಲಿದೆ. ಕೊಡೆ, ಬೀಗದ ಕೈ, ಮೊಮ್ಮಗಳ ಸ್ಕೂಲ್ ಚೀಲ ಎಲ್ಲಾ ಅದರ ಮೇಲೆಯೇ. ಒಂದು ಮೊಳೆಗೆ ಮಾತ್ರ ಏನೂ ಹಾಕಲು ಬಿಡುವುದಿಲ್ಲ. ಮುದುಕನ ಹಟ ಎಂದು ಸೊಸೆ ನಗುತ್ತಾಳೆ. ಇನ್ನೇನಾದರೂ ಬೇಕಿದ್ದರೆ ಕೇಳಿ ತಾಯಿ, ನನಗೂ ಹೊತ್ತು ಹೋಗಬೇಕು.

ದೀಪದಣ್ಣ


ನಿಘಂಟು ಕಚೇರಿ
ಫೆಬ್ರವರಿ ೩

ದೀಪದಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದರು. ಸೌಟಿನ ಗುರುತಿನವರನ್ನು ನೆನೆದು ನಮ್ಮ ಗಂಭೀರ ಸಂಪಾದಕರೂ ನಕ್ಕರು.

ಇನ್ನೊಂದು ಸಣ್ಣ ವಿಚಾರ. ಈ ಊರಿನ ಹೊಲಿಗೆಯ ಮುದುಕಿಯೊಬ್ಬರ ಗುಂಡಿ ಡಬ್ಬಿಯಲ್ಲಿ ಅಂಥದೇ ತಾಮ್ರದ ಕಾಸು ಸಿಕ್ಕಿದೆ. ನುಣುಪಾದ ಮುಖದ ಮೇಲೆ ಬಾಚಣಿಗೆಯ ಗುರುತು ಇದೆ. ಏಳು ಹಲ್ಲು, ಅದರಲ್ಲಿ ಒಂದು ಮುರಿದಂತೆ ಕೆತ್ತಿದ್ದಾರೆ. ಅದು ಯಾರ ಕಾಸು, ಅವರು ಏನಾದರು ಎಂದು ನಿಮಗೆ ನೆನಪಿದೆಯೇ? ಉದಾಹರಣೆಯಾಗಿ ಬಳಸಿಕೊಳ್ಳಬಹುದೆಂದು ಕೇಳುತ್ತಿದ್ದೇನೆ, ಅಷ್ಟೇ.

ಇತಿ,
ಸಹಾಯಕ ಸಂಪಾದಕಿ


ಮಾರ್ಚ್ ೧೭

ಸಂಪಾದಕಿಯವರಿಗೆ.

ಕಣ್ಣಿನ ತೊಂದರೆಯಿಂದ ಉತ್ತರ ತಡವಾಯಿತು.

ನಿಮ್ಮನ್ನು ನಿಜವಾಗಿಯೂ ನಿಘಂಟಿನವರು ಕಳಿಸಿದರೋ, ಕಂಪನಿಯವರೋ ತಿಳಿಯದು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಯಾರಿಗೆ ಏನು ಬೇಕಾಗಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನಬೇಡಿ. ಸುಮ್ಮನೆ ಕೇಳಿದೆ.

ಬಾಚಣಿಗೆ ಎಂದರೆ ಮೂರನೇ ಶಾಫ್ಟಿನ ತಳದಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದವನು. ಕತ್ತಲೆಗೆ ಇಳಿಯುವ ಮುಂಚೆ ತಲೆ ಬಾಚಿಕೊಳ್ಳುತ್ತಿದ್ದ. “ಕೆಳಗೆ ನಿನ್ನನ್ನ ನೋಡೋರು ಯಾರೋ?” ಎಂದು ಕೇಳಿದರೆ “ಪಂಪು ನೋಡತ್ತಲ್ಲ” ಎನ್ನುತ್ತಿದ್ದ. ಮೂವತ್ನಾಲ್ಕು ವರ್ಷದ ಹಿಂದೆ ಆ ಶಾಫ್ಟು ಕುಸಿಯಿತು. ಹಲಗೆಯ ಮೇಲೆ ಹನ್ನೊಂದು ಕಾಸು ಇದ್ದವು. ಹನ್ನೊಂದು ಜನರನ್ನೂ ಹೊರಗೆ ತಂದರು, ನಾಲ್ವರು ಬದುಕಿದ್ದರು. ಆಮೇಲೆ ಶಾಫ್ಟು ಮುಚ್ಚಿದರು. ಗೇಟಿನ ಹತ್ತಿರ ಸತ್ತ ಏಳು ಜನರ ಹೆಸರಿನ ಕಲ್ಲು ಇದೆ.

ಬಾಚಣಿಗೆ ಅದರಲ್ಲಿಲ್ಲ. ಅವನು ಅದೇ ದಿನ ಕೆಲಸ ಬಿಟ್ಟು ಊರು ಬಿಟ್ಟ. ಬಸ್ಸು ಹತ್ತಿದ್ದನ್ನು ಯಾರೋ ನೋಡಿದರಂತೆ. ಕೆಲಸ ಬಿಟ್ಟವನ ಕಾಸು ಮನೆಯಲ್ಲಿರುವುದು ಸಹಜ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಆ ಮುದುಕಿ ಹೇಗಿದ್ದಾರೆ?

ದೀಪದ ಕೋಣೆಯ ಮಾಜಿ ಕೆಲಸಗಾರ


ಏಪ್ರಿಲ್ ೨

ದೀಪದಣ್ಣನವರಿಗೆ.

ಇದು ಕಚೇರಿಯ ಕಾಗದವಲ್ಲ. ಮನೆಯಿಂದ ಬರೆಯುತ್ತಿದ್ದೇನೆ.

ನಿಮಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿದೆ. ಆ ಹೊಲಿಗೆಯ ಮುದುಕಿ ನನ್ನ ಅಮ್ಮ. ಬಾಚಣಿಗೆ ನನ್ನ ಅಪ್ಪ. ಮೇಷ್ಟರ ಚೀಟಿ ನನ್ನ ಮೇಜಿಗೆ ಬಂದದ್ದು ಆಕಸ್ಮಿಕ. ಬಂದ ಮೇಲೆ ಅದನ್ನು ಬೇರೆಯವರಿಗೆ ಬಿಡದೆ ನಾನೇ ಹಿಡಿದುಕೊಂಡೆ.

ಶಾಫ್ಟು ಕುಸಿದ ದಿನ ಅಪ್ಪನ ಕಾಸು ಮನೆಯಲ್ಲೇ ಸಿಕ್ಕಿತು. ಅದಕ್ಕೂ ನಾಲ್ಕು ದಿನ ಮುಂಚೆ ಅಮ್ಮನಿಗೂ ಅಪ್ಪನಿಗೂ ಮಾತಿಗೆ ಮಾತು ಬೆಳೆದು, “ಒಂದು ದಿನ ಎಲ್ಲಾ ಬಿಟ್ಟು ಹೋಗ್ತೀನಿ ನೋಡು” ಎಂದು ಅಪ್ಪ ಅಂದಿದ್ದರಂತೆ. ಅಮ್ಮ ಕಾಸು ಹಿಡಿದುಕೊಂಡೇ ಗೇಟಿಗೆ ಓಡಿದರು. ಅಲ್ಲಿದ್ದವರು, “ಕಾಸು ನಿನ್ನ ಕೈಯಲ್ಲೇ ಇದೆಯಲ್ಲಮ್ಮ, ಅವನು ಕೆಳಗಿಲ್ಲ. ಪುಣ್ಯ ಮಾಡಿದ್ದೀಯ” ಎಂದು ಕಳಿಸಿದರು. ಸಂಜೆಯಾಯಿತು, ಅಪ್ಪ ಬರಲಿಲ್ಲ. ಮಾರನೆಯ ದಿನ ಬಸ್ಸಿನ ಸುದ್ದಿ ಬಂತು. ಏಳು ಮನೆಯಲ್ಲಿ ಹೆಣ ಇಟ್ಟು ಅಳುತ್ತಿದ್ದಾಗ ಗಂಡ ಬಿಟ್ಟುಹೋದನೆಂದು ಅಳುವುದಕ್ಕೂ ಅಮ್ಮನಿಗೆ ಮುಖ ಇರಲಿಲ್ಲ. ತಿಂಗಳೊಳಗೆ ನನ್ನನ್ನು ಕರೆದುಕೊಂಡು ಈ ಊರಿಗೆ ಬಂದರು.

ಬೇರೆಯವರ ಬಟ್ಟೆಗೆ ಗುಂಡಿ ಹಚ್ಚಿ ನನ್ನನ್ನು ಓದಿಸಿದರು. ಅಪ್ಪನ ಹೆಸರು ಎತ್ತಲು ಬಿಡಲಿಲ್ಲ. ಕಾಸನ್ನು ಮಾತ್ರ ಎಸೆಯಲಿಲ್ಲ. ಏಕೆ ಎಂದು ಒಮ್ಮೆ ಕೇಳಿದೆ. “ನೆನಪಿಗಲ್ಲ. ಸಿಟ್ಟು ಆರಬಾರದು ಅಂತ ಇಟ್ಕೊಂಡಿದ್ದೀನಿ” ಎಂದರು.

ಈಗ ಅವರ ಶ್ವಾಸಕೋಶದಲ್ಲಿ ಗಡ್ಡೆ ಇದೆ. ಡಾಕ್ಟರು ಎರಡು ಮೂರು ತಿಂಗಳು ಎಂದಿದ್ದಾರೆ. ಮೂವತ್ನಾಲ್ಕು ವರ್ಷ ಆಡದ ಮಾತನ್ನು ಮೊನ್ನೆ ಅವರೇ ಆಡಿದರು. “ಒಬ್ಬರೇ ಹೋದರಾ, ಯಾರ ಜೊತೆಗಾದರೂ ಹೋದರಾ, ಅಷ್ಟು ತಿಳಿದರೆ ಸಾಕಿತ್ತು.”

ಬಸ್ಸು ಹತ್ತಿದ್ದನ್ನು ನೋಡಿದ ಆ ‘ಯಾರೋ’ ಯಾರು? ಬದುಕಿದ್ದರೆ ಅವರ ವಿಳಾಸ ಕೊಡಿ. ಕಾಲಿಗೆ ಬಿದ್ದು ಕೇಳುತ್ತೇನೆ.

ಬಾಚಣಿಗೆಯ ಮಗಳು


ಏಪ್ರಿಲ್ ೨೦

ಮಗಳೇ,

ನೀನು ಇಷ್ಟು ದೊಡ್ಡವಳಾಗಿ ಪುಸ್ತಕ ಮಾಡುವ ಕೆಲಸದಲ್ಲಿದ್ದೀಯ ಎಂದು ತಿಳಿದು ಸಂತೋಷವಾಯಿತು.

ನೋಡಿದವನು ಈಗ ಇಲ್ಲ. ಆದರೆ ಅವನು ನನಗೆ ಹೇಳಿದ್ದು ಚೆನ್ನಾಗಿ ನೆನಪಿದೆ. ನಿನ್ನ ಅಪ್ಪ ಒಬ್ಬನೇ ಇದ್ದ. ಕೈಯಲ್ಲಿ ಕಂದು ಬಣ್ಣದ ಚೀಲ ಇತ್ತು. ತಲೆ ಬಾಚಿಕೊಂಡಿದ್ದ. ಕಿಟಕಿಯ ಪಕ್ಕ ಕೂತು ಕಣ್ಣೊರೆಸಿಕೊಂಡನಂತೆ. ಯಾವ ಹೆಂಗಸೂ ಜೊತೆಯಲ್ಲಿರಲಿಲ್ಲ. ಅಮ್ಮನಿಗೆ ಇಷ್ಟು ಹೇಳು, ನೆಮ್ಮದಿಯಾಗುತ್ತದೆ. ಹಳೆಯದನ್ನು ಕೆದಕಬೇಡ ತಾಯಿ.

ದೀಪದಣ್ಣ


ಮೇ ೬

ದೀಪದಣ್ಣನವರಿಗೆ.

ನಿಮ್ಮ ಪತ್ರವನ್ನು ಅಮ್ಮನ ಹಾಸಿಗೆಯ ಪಕ್ಕ ಕೂತು ಓದಿದೆ. ಅಮ್ಮ ಗೋಡೆಯ ಕಡೆ ತಿರುಗಿಕೊಂಡರು. “ಅತ್ತರಂತಾ? ಅಳೋರು ಇಳಿದು ಬರಬಹುದಿತ್ತು. ಎಲ್ಲಾದ್ರೂ ಚೆನ್ನಾಗಿರ್ಲಿ ಅನ್ನೋ ದೊಡ್ಡ ಮನಸ್ಸು ನನಗಿಲ್ಲ ಕಣೇ” ಎಂದರು. ಆಮೇಲೆ ಕೇಳಿದರು, “ಕಂದು ಚೀಲ ಯಾವುದು? ನಮ್ಮ ಮನೇಲಿ ಚೀಲವೇ ಇರಲಿಲ್ಲ.”

ಚೀಟಿ ನೋಡುವವರಿಗೆ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಒಂದೇ ಪದಕ್ಕೆ ಬಂದ ಎಲ್ಲಾ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಓದುತ್ತೇವೆ. ನಿಮ್ಮ ಪತ್ರಗಳನ್ನೂ ಹಾಗೆಯೇ ಓದಿದೆ. ಮೊದಲನೆಯದರಲ್ಲಿ ನೀವೇ ಬರೆದಿದ್ದೀರಿ, ಕಾಸು ಮರೆತವರಿದ್ದಾರೆ, ದೀಪ ಕೊಡದೆ ಗೇಟು ದಾಟಿದವರು ಒಬ್ಬರೂ ಇಲ್ಲ ಎಂದು. ಆ ಬೆಳಿಗ್ಗೆ ಅಪ್ಪ ಮನೆಯಿಂದ ಕೆಲಸಕ್ಕೇ ಹೊರಟಿದ್ದರು. ಗೇಟಿನ ತನಕ ಹೋದದ್ದು ನನಗೆ ಖಂಡಿತ ಗೊತ್ತು.

ನನ್ನ ಪ್ರಶ್ನೆ ಒಂದೇ. ದೀಪದ ಪುಸ್ತಕ ನಿಮ್ಮ ಮನೆಯಲ್ಲೇ ಇದೆ. ಆ ದಿನ ಅಪ್ಪನಿಗೆ ದೀಪ ಕೊಟ್ಟಿರಾ? ಕೊಟ್ಟಿದ್ದರೆ, ಆ ದೀಪ ಹಿಂದಕ್ಕೆ ಬಂತೇ?

ಬೇಗ ಬರೆಯಿರಿ. ಅಮ್ಮನಿಗೆ ಹೆಚ್ಚು ದಿನ ಇಲ್ಲ.


ಜುಲೈ ೧೪

ಅಮ್ಮಾ,

ಮಗಳೇ ಎಂದು ಕರೆಯುವ ಬಾಯಿ ನನಗಿಲ್ಲ. ನಿನ್ನ ಪತ್ರ ಎರಡು ತಿಂಗಳು ನನ್ನ ದಿಂಬಿನ ಕೆಳಗಿತ್ತು. ಏಳು ಸಲ ಬರೆದು ಹರಿದೆ.

ದೀಪ ಬರಲಿಲ್ಲ.

ಅಂದು ಬೆಳಿಗ್ಗೆ ನಿನ್ನ ಅಪ್ಪ ಕಾಸು ಮನೆಯಲ್ಲಿ ಮರೆತು ಬಂದಿದ್ದ. ಕಾಸಿಲ್ಲದೆ ಯಾರನ್ನೂ ಇಳಿಸಬಾರದು, ಇಳಿಸಿದ ದೀಪದವನಿಗೆ ಕೆಲಸವಿಲ್ಲ. ಅದು ಕಲ್ಲಿನ ಮೇಲೆ ಬರೆದಂಥ ನಿಯಮ. ಆದರೆ ಪಂಪು ನಿಂತರೆ ತಳದಲ್ಲಿ ನೀರು ತುಂಬುತ್ತದೆ, ಅವನು ಬೇಗ ಇಳಿಯಬೇಕಿತ್ತು. “ಇರಲಿ ಬಿಡೋ, ನೀನು ಇಳಿದದ್ದು ನನಗೆ ಗೊತ್ತಲ್ಲ, ಸಾಯಂಕಾಲ ಸರಿಮಾಡೋಣ” ಎಂದೆ. ಅವನು ನಕ್ಕು, “ಕಾಸಿಲ್ಲದೆ ಇಳಿದರೆ ನಾನು ಇಳಿದ ಹಾಗೇ ಅಲ್ಲ ಅಣ್ಣ” ಎಂದ. ದೀಪ ಕೊಟ್ಟೆ.

ಮಧ್ಯಾಹ್ನ ಕುಸಿಯಿತು. ಮೇಲಿನ ಮಟ್ಟದಲ್ಲಿದ್ದವರನ್ನು ಎರಡು ದಿನ ತೋಡಿ ತೆಗೆದರು. ಅವರಲ್ಲಿ ಒಬ್ಬ “ಬಾಚಣಿಗೆ ಎಲ್ಲಿ?” ಎಂದು ಕೇಳಿದ. ಸೂಪರ್‌ವೈಸರು ಹಲಗೆ ನೋಡಿ “ಅವನ ಕಾಸಿಲ್ಲ, ಅವನು ಇಳಿದೇ ಇಲ್ಲ” ಎಂದರು. ನನ್ನ ಕಡೆ ತಿರುಗಿ “ಹೌದೇನಯ್ಯ?” ಎಂದರು. ಬಾಯಿ ಬಿಟ್ಟರೆ ಬಣ್ಣಗೇಡು. ಕೆಲಸ ಹೋಗುತ್ತದೆ, ಕಂಪನಿಯ ಮನೆ ಹೋಗುತ್ತದೆ, ಮೂರು ಮಕ್ಕಳು. ತಳದಲ್ಲಿ ನೀರು ತುಂಬಿದೆ, ಅವನು ಈಗಾಗಲೇ ಸತ್ತಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೌದು ಎಂದುಬಿಟ್ಟೆ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ಅರ್ಧ ಹೇಳುವುದೂ ಸುಳ್ಳೇ. ಮೂರನೆಯ ದಿನ ಶಾಫ್ಟು ಮುಚ್ಚುವ ಮುಂಚೆ ನೀರಿನ ಪೈಪಿನಲ್ಲಿ ಸದ್ದು ಕೇಳಿಸಿತು. ಮೂರು ಏಟು, ಸ್ವಲ್ಪ ಬಿಟ್ಟು ಮತ್ತೆ ಮೂರು ಏಟು. ಪೈಪಿನೊಳಗೆ ಗಾಳಿ ಸೇರಿದರೆ ಹಾಗಾಗುತ್ತದೆ ಎಂದರು ಎಂಜಿನಿಯರು. ಎಲ್ಲರೂ ಒಪ್ಪಿದರು, ಏಕೆಂದರೆ ಎಣಿಕೆ ಸರಿಯಾಗಿತ್ತು. ಗಾಳಿ ಎಣಿಸಿ ಬಡಿಯುವುದಿಲ್ಲ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ನಿಂತೇ ಇದ್ದೆ. ಸಂಜೆ ಮಣ್ಣು ಸುರಿದರು.

ದೀಪದ ಪುಸ್ತಕದಲ್ಲಿ ‘ಒಂದು ದೀಪ ಒಡೆದಿದೆ’ ಎಂದು ಬರೆದೆ. ಬಸ್ಸು ಹತ್ತಿದ್ದನ್ನು ನೋಡಿದವನೂ ನಾನೇ. ಬಸ್ಸೂ ಇಲ್ಲ, ಚೀಲವೂ ಇಲ್ಲ. ನಿನ್ನ ಅಪ್ಪ ನಿಮ್ಮನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಇದನ್ನು ಅಮ್ಮನಿಗೆ ಓದಿ ಹೇಳು. ಅವರು ಕೊಡುವ ಶಾಪ ನನಗೆ ಮುಟ್ಟಲಿ.

ದೀಪದವನು


ಆಗಸ್ಟ್ ೧

ದೀಪದಣ್ಣನವರಿಗೆ.

ಅಮ್ಮ ಜುಲೈ ಒಂಬತ್ತರಂದು ಹೋದರು. ನೀವು ಬರೆಯಲು ಕೂತದ್ದು ಐದು ದಿನ ತಡವಾಗಿ.

ಕೊನೆಯ ವಾರ ಅವರಿಗೆ ಮಾತು ಕಡಿಮೆಯಾಗಿತ್ತು. ಆದರೂ ಪೋಸ್ಟಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಬಿಟ್ಟುಹೋದ ಗಂಡನ ಹೆಂಡತಿಯಾಗಿಯೇ ಸತ್ತರು. ಅವರನ್ನು ಸುಟ್ಟು ಬಂದು ಹನ್ನೊಂದನೆಯ ದಿನ ನಿಮ್ಮ ಲಕೋಟೆ ಬಂತು. ಖಾಲಿ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಕ್ಷಮಿಸುವ ಮಾತು ನನ್ನ ಕೈಯಲ್ಲಿಲ್ಲ. ಅದು ಅಮ್ಮನ ಕೈಯಲ್ಲಿತ್ತು.

ನೀವು ನನಗೆ ಮೂರು ಸುಳ್ಳು ಬರೆದಿರಿ. ‘ಯಾರೋ’ ಎಂದದ್ದು ಒಂದು, ಕಂದು ಚೀಲ ಇನ್ನೊಂದು. ಮೂರನೆಯದು ಅಪ್ಪ ಕಾಸು ಮರೆತು ಬಂದರು ಎಂಬುದು. ಅದೊಂದಕ್ಕೆ ಮಾತ್ರ ನನಗೆ ಸಿಟ್ಟಿಲ್ಲ, ಏಕೆಂದರೆ ಅದನ್ನು ನನಗೋಸ್ಕರ ಹೇಳಿದಿರಿ.

ದಿನವೂ ಅಪ್ಪನ ಜೊತೆ ಗೇಟಿನ ತನಕ ಬಂದು ಕಾಸನ್ನು ನಿಮ್ಮ ಕೈಗೆ ಕೊಡುತ್ತಿದ್ದವಳು ನಾನು. ಅಂದು ಕೊಡಲಿಲ್ಲ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ನಾನು ಮತ್ತೆ ಮುಷ್ಟಿ ಕಟ್ಟಿ ಅತ್ತೆ. ನೀವು ಸೀಮೆಎಣ್ಣೆ ವಾಸನೆಯ ದೊಡ್ಡ ಕೈಯಿಂದ ನನ್ನ ತಲೆ ಸವರಿ, “ಅಳಬೇಡ ಪುಟ್ಟಿ, ಇಟ್ಕೋ, ಸಾಯಂಕಾಲ ತಂದ್ಕೊಡು” ಎಂದಿರಿ. ಮಧ್ಯಾಹ್ನ ಅಮ್ಮ ನನ್ನ ಫ್ರಾಕಿನ ಜೇಬಿನಲ್ಲಿ ಕಾಸು ಕಂಡು ಎಲ್ಲಿ ಸಿಕ್ಕಿತು ಎಂದರು. ಬೈಯುತ್ತಾರೆಂದು ಹೆದರಿ “ಅಪ್ಪ ಬಂದು ಕೊಟ್ರು” ಎಂದೆ. ಇದನ್ನು ಅಮ್ಮನಿಗೂ ಹೇಳಿಲ್ಲ. ಐದು ವರ್ಷದವಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ನಿಮ್ಮ ಮೊದಲ ಪತ್ರ ಓದಿದ ದಿನ ಗೊತ್ತಾಯಿತು. ಅಂದಿನಿಂದ ನಾನು ನಿಮ್ಮನ್ನು ಕೇಳುತ್ತಿದ್ದದ್ದೆಲ್ಲ, ಅದು ಹಾಗಲ್ಲ ಎಂದು ನೀವು ಹೇಳಲಿ ಎಂದೇ.

ಹಾಳೆಗಳು ಅಚ್ಚಿಗೆ ಹೋಗುವುದು ತಡವಾಯಿತು. ನಿನ್ನೆ ಈ ಪದವನ್ನು ಹೀಗೆ ಬರೆದು ಕೊಟ್ಟೆ:

ಒತ್ತೆಗಾಸು (ನಾ) ೧. ಗಣಿಗೆ ಇಳಿಯುವವನು ತನಗೆ ಬದಲಾಗಿ ದೀಪದ ಕೋಣೆಯಲ್ಲಿ ಬಿಟ್ಟುಹೋಗುವ ಗುರುತಿನ ಕಾಸು. ೨. ಮನೆಯಲ್ಲಿ ನೆನಪಿಗಾಗಿ ಉಳಿಸಿಕೊಂಡ ಅಂಥ ಕಾಸು. ಪ್ರಯೋಗ: ‘ಕಾಸಿಲ್ಲದೆ ಇಳಿದರೆ ನಾನು ಇಳಿದ ಹಾಗೇ ಅಲ್ಲ’ (ಪಂಪಿನ ಕೆಲಸಗಾರನ ಮಾತು).

ಕಾಸನ್ನು ಇದರೊಳಗೆ ಬಟ್ಟೆಯಲ್ಲಿ ಹೊಲಿದು ಇಟ್ಟಿದ್ದೇನೆ. ಸಾಯಂಕಾಲ ತಂದುಕೊಡಬೇಕಿತ್ತು, ತಡವಾಯಿತು. ಮೊದಲು ಇದನ್ನು ಹಿಡಿದುಕೊಂಡು ಆ ಕಲ್ಲಿನ ಹತ್ತಿರ ಹೋಗಿ, ಉಳಿದವರ ಮುಂದೆ ನಿಮ್ಮ ಬಾಯಿಂದ ಹೇಳಿ. ಆಮೇಲೆ ಮೊಳೆಗೆ ಹಾಕಿ.

ಬಾಚಣಿಗೆಯ ಮಗಳು


ಆಗಸ್ಟ್ ೨೬

ಪುಟ್ಟೀ,

ಕಾಸು ತಲುಪಿತು. ನಿನಗೆ ನೆನಪಿರದಿರಲಿ ಎಂದು ಎಷ್ಟು ಬೇಡಿಕೊಂಡಿದ್ದೆ. ಐದು ವರ್ಷದ ಮಗು ಅತ್ತಿತು. ನಿಯಮ ಗೊತ್ತಿದ್ದವನು ನಾನು. ಆಮೇಲೆ ಹೌದು ಎಂದವನೂ ನಾನೇ. ಇದನ್ನು ದಿನಕ್ಕೊಮ್ಮೆ ಓದಿಕೋ.

ಭಾನುವಾರ ಕಲ್ಲಿನ ಹತ್ತಿರ ಒಂಬತ್ತು ಜನ ಸೇರಿದ್ದರು. ಎಲ್ಲಾ ಹೇಳಿದೆ. ಬದುಕಿ ಬಂದ ನಾಲ್ವರಲ್ಲಿ ಉಳಿದಿರುವವನು ಒಬ್ಬ, ‘ಬಾಚಣಿಗೆ ಎಲ್ಲಿ’ ಎಂದು ಅಂದು ಕೇಳಿದವನೇ. ಅವನು ನೆಲದ ಮೇಲೆ ಕೂತುಬಿಟ್ಟ. ಸೌಟಿನವನ ಹೆಂಡತಿ ನನ್ನ ಕಾಲ ಬಳಿ ಉಗಿದು ಹೋದಳು. ಬೇರೆ ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೊಸೆ ಮಾತು ಬಿಟ್ಟಿದ್ದಾಳೆ, ಮೊಮ್ಮಗಳ ಚೀಲ ಹಲಗೆಯ ಮೇಲಿಲ್ಲ. ಕಲ್ಲಿನಲ್ಲಿ ಇನ್ನೊಂದು ಹೆಸರಿಗೆ ಕೆಳಗಡೆ ಜಾಗ ಇದೆ, ಕೆತ್ತುವವನು ಸೋಮವಾರ ಬರುತ್ತಾನೆ.

ಮನೆಗೆ ಬಂದು ಹಲಗೆಯ ಮೇಲಿನ ಕೊಡೆ, ಬೀಗದ ಕೈ ಎಲ್ಲಾ ತೆಗೆದೆ. ಬಾಚಣಿಗೆಯ ಮೊಳೆಗೆ ಕಾಸು ಹಾಕಿದೆ. ದೀಪದ ಪುಸ್ತಕ ತೆಗೆದು ಆ ದಿನದ ಸಾಲನ್ನು ತಿದ್ದಿದೆ. ನಿನ್ನ ಚೀಟಿಗೆ ಬೇಕಾಗಬಹುದು, ನಕಲು ಮಾಡಿ ಕಳಿಸುತ್ತಿದ್ದೇನೆ:

‘ಮೂರನೇ ಶಾಫ್ಟು, ಬೆಳಗಿನ ಪಾಳಿ. ಇಳಿದವರು ಹನ್ನೆರಡು. ಒಂದು ದೀಪ ವಾಪಸು ಬಂದಿಲ್ಲ.’

ದೀಪದವನು